ಮನೆಯ ವಿದ್ಯುತ್ತು, ಊರಿನ ತಂತಿ: ಅಮೆರಿಕಾದ ಬಯಲುಸೀಮೆಯ ಒಂದು ಅಧ್ಯಾಯ

ವಿದ್ಯುಚ್ಛಕ್ತಿಯನ್ನು ಮನೆಯಲ್ಲಿಯೇ ಉತ್ಪಾದಿಸಿಕೊಳ್ಳುವುದು ಒಂದು ನೂತನವಾದ ಕಲ್ಪನೆಯೆಂದು ಈಗ ಸಾಮಾನ್ಯವಾಗಿ ಭಾವಿಸಲಾಗುತ್ತಿದೆ. ಮಾಳಿಗೆಯ ಮೇಲೆ ಸೌರಫಲಕಗಳನ್ನು ಹಾಸಿಸಿದ ಗೃಹಸ್ಥನು ತಾನು ಹೊಸ ಯುಗವೊಂದರ ಬಾಗಿಲನ್ನು ತೆರೆದೆನೆಂದು ಹೆಮ್ಮೆಪಡುತ್ತಾನೆ. ವೃತ್ತಪತ್ರಿಕೆಗಳೂ ಹಾಗೆಯೇ ಬರೆಯುತ್ತವೆ. ಇತಿಹಾಸವನ್ನು ನೋಡಿದರೆ ಕ್ರಮವು ಇದಕ್ಕೆ ವಿಪರೀತವಾಗಿದೆ. ಮೊದಲು ಬಂದದ್ದು ಮನೆಯ ವಿದ್ಯುತ್ತು. ನಾವು ಈಗ ಗ್ರಿಡ್ ಎಂದು ಕರೆಯುವ ತಂತಿಯ ಜಾಲವು ಅನಂತರ ಬಂದು ಅದನ್ನು ಹೊರದೂಡಿತು. ಹೀಗೆ ಹೊರದೂಡಲ್ಪಟ್ಟದ್ದು ಯಂತ್ರದ ದೋಷದಿಂದಲೇ, ಅಥವಾ ಬೇರೆ ಕಾರಣಗಳಿಂದಲೇ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ಇದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಮಧ್ಯಭಾಗದ ಮಹಾಬಯಲಿನಲ್ಲಿ ಸುಮಾರು 1920ರಿಂದ 1955ರ ವರೆಗೆ ನಡೆದ ಸಂಗತಿಗಳನ್ನು ಮುಖ್ಯವಾಗಿ ಆರಿಸಿಕೊಂಡಿದೆ. ಈ ಎರಡು ಪದ್ಧತಿಗಳೂ ಒಂದೇ ಕಾಲದಲ್ಲಿ, ಒಂದೇ ಬಗೆಯ ಜನರ ಮುಂದೆ ಇದಿರಾಗಿ ನಿಂತದ್ದು ಅಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ವಿರಳ.

ಮೊದಲಿಗೆ ಪೂರ್ವವೃತ್ತಾಂತವನ್ನು ಸ್ವಲ್ಪ ನೋಡಬೇಕು. ಇಂಗ್ಲೆಂಡಿನ ಉತ್ತರದ ನಾರ್ತಂಬರ್ಲೆಂಡಿನಲ್ಲಿ ಕ್ರಾಗ್‌ಸೈಡ್ ಎಂಬ ಮನೆಯ ಒಡೆಯನಾದ ವಿಲಿಯಂ ಆರ್ಮ್‌ಸ್ಟ್ರಾಂಗನು 1878ರಲ್ಲಿ ತನ್ನ ಜಮೀನಿನ ಕೆರೆಯ ನೀರಿನ ಬಲದಿಂದ ಡೈನಮೋ ತಿರುಗಿಸಿ ಚಿತ್ರಶಾಲೆಯಲ್ಲಿ ಒಂದು ಆರ್ಕ್ ದೀಪವನ್ನು ಹೊತ್ತಿಸಿದನು. 1880ರಲ್ಲಿ ಜೋಸೆಫ್ ಸ್ವಾನನ ಗಾಜಿನ ಬುರುಡೆಯ ದೀಪಗಳು ಅಲ್ಲಿಗೆ ಬಂದುವು. ನ್ಯೂಯಾರ್ಕ್ ನಗರದಲ್ಲಿ ಎಡಿಸನ್ನನ ಪರ್ಲ್ ಸ್ಟ್ರೀಟ್ ಉತ್ಪಾದನಾಕೇಂದ್ರವು ಕೆಲಸಕ್ಕೆ ತೊಡಗಿದ್ದು 1882ರ ಸೆಪ್ಟೆಂಬರ್ 4ರಂದು. ಸಾರ್ವಜನಿಕ ಕೇಂದ್ರಗಳಿಗೆ ಆದಿಯೆಂದು ಗಣಿಸಲ್ಪಡುವ ಈ ಕೇಂದ್ರದ ಹಿಂದಿದ್ದ ಧನಿಕರಲ್ಲಿ ಒಬ್ಬನಾದ ಜೆ. ಪಿ. ಮಾರ್ಗನ್ನನು ಅದೇ ವರ್ಷದಲ್ಲಿ ಮ್ಯಾಡಿಸನ್ ಅವೆನ್ಯೂವಿನ ತನ್ನ ಮನೆಗೆ ಸ್ವಂತ ಉಗಿಯಂತ್ರವನ್ನೂ ಡೈನಮೋವನ್ನೂ ಹಾಕಿಸಿಕೊಂಡನು. ಯಂತ್ರವನ್ನು ನೋಡಿಕೊಳ್ಳುವವನು ಮಧ್ಯಾಹ್ನ 3 ಗಂಟೆಗೆ ಬಂದು ಉಗಿ ಎಬ್ಬಿಸಬೇಕು. ರಾತ್ರಿ 11ಕ್ಕೆ ಅವನ ಪಾಳಿ ಮುಗಿಯುವುದು. ಮನೆಯವರು ಗಡಿಯಾರವನ್ನು ಮರೆತು ಅತಿಥಿಗಳೊಡನೆ ಇಸ್ಪೀಟಿನಲ್ಲಿ ತೊಡಗಿದ್ದರೆ ಇದ್ದಕ್ಕಿದ್ದಂತೆ ದೀಪಗಳು ಮಂಕಾಗಿ ಆರಿಹೋಗುತ್ತಿದ್ದುವು. ಯಂತ್ರದ ಅದುರಿಕೆಯಿಂದ ತನ್ನ ಮನೆಯೂ ನಡುಗುತ್ತದೆಂದು ನೆರೆಮನೆಯಾಕೆ ದೂರಿತ್ತದ್ದೂ ಉಂಟು. ಸ್ವಂತ ವಿದ್ಯುತ್ತಿನ ಎರಡು ನಿತ್ಯಸಮಸ್ಯೆಗಳು, ಎಂದರೆ ಅದನ್ನು ನೋಡಿಕೊಳ್ಳುವವರು ಯಾರು, ಉತ್ಪಾದನೆ ನಿಂತ ಹೊತ್ತಿನಲ್ಲಿ ಗತಿಯೇನು ಎಂಬುವು, ಈ ಮೊದಲ ಉದಾಹರಣೆಯಲ್ಲಿಯೇ ಕಾಣಿಸಿಕೊಂಡಿರುವುದನ್ನು ವಾಚಕರು ಗಮನಿಸಬಹುದು.

ಗಾಳಿಯ ವಿಷಯವೂ ಹೀಗೆಯೇ. 1887ರಲ್ಲಿ ಸ್ಕಾಟ್ಲೆಂಡಿನ ಮೇರಿಕರ್ಕ್ ಎಂಬ ಊರಿನಲ್ಲಿ ಜೇಮ್ಸ್ ಬ್ಲೈತ್ ಎಂಬ ಪ್ರಾಧ್ಯಾಪಕನು ಬಟ್ಟೆಯ ಪಟಗಳ ಗಾಳಿಯಂತ್ರದಿಂದ ಬ್ಯಾಟರಿಗಳನ್ನು ತುಂಬಿ ತನ್ನ ರಜಾಕಾಲದ ಮನೆಗೆ ಬೆಳಕು ಮಾಡಿಕೊಂಡನು. ಮಿಕ್ಕ ವಿದ್ಯುತ್ತಿನಿಂದ ಊರ ಬೀದಿಗೆ ದೀಪ ಹಾಕಿಕೊಡುವೆನೆಂದು ಆತನು ಹೇಳಲು, ಇದು ಸೈತಾನನ ಕೆಲಸವೆಂದು ಊರವರು ಬೇಡವೆಂದರೆಂದು ಹೇಳುತ್ತಾರೆ. ಮರುವರ್ಷ ಅಮೆರಿಕಾದ ಕ್ಲೀವ್‌ಲೆಂಡಿನಲ್ಲಿ ಚಾರ್ಲ್ಸ್ ಬ್ರಷ್ ಎಂಬುವನು ತನ್ನ ಬಂಗಲೆಯ ಹಿತ್ತಲಿನಲ್ಲಿ 17 ಮೀಟರ್ ವ್ಯಾಸದ, 144 ಮರದ ಅಲಗುಗಳಿದ್ದ ಒಂದು ದೈತ್ಯಚಕ್ರವನ್ನು ನಿಲ್ಲಿಸಿದನು. ನೆಲಮಾಳಿಗೆಯಲ್ಲಿ 408 ಬ್ಯಾಟರಿ ಕೋಶಗಳು. ಇಷ್ಟೆಲ್ಲ ಸಂಭ್ರಮದಿಂದ ಹುಟ್ಟುತ್ತಿದ್ದುದು ಹೆಚ್ಚೆಂದರೆ 12 ಕಿಲೋವ್ಯಾಟ್. ಆದರೂ ಅದು ಸುಮಾರು ಇಪ್ಪತ್ತು ವರ್ಷ ನಡೆಯಿತು. ಇದೇ ಬ್ರಷ್‌ನು 1879ರಲ್ಲಿ ಆ ನಗರದ ಚೌಕಕ್ಕೆ ಆರ್ಕ್ ದೀಪಗಳನ್ನು ಹಾಕಿಸಿ, ಒಂದೇ ಕೇಂದ್ರದಿಂದ ಬೀದಿಗಳಿಗೆಲ್ಲ ಬೆಳಕು ಕೊಡುವ ವ್ಯಾಪಾರವನ್ನು ಕಟ್ಟಿದವನು. ಊರಿಗೆ ತಂತಿಯ ವಿದ್ಯುತ್ತನ್ನು ಮಾರಿದವನೇ ಮನೆಗೆ ಸ್ವಂತ ವಿದ್ಯುತ್ತನ್ನು ಇಟ್ಟುಕೊಂಡಿದ್ದನೆಂಬುದು ಸ್ವಾರಸ್ಯವಾದ ವಿಷಯ.

ಇವೆಲ್ಲ ಶ್ರೀಮಂತರ ಮತ್ತು ವಿದ್ವಾಂಸರ ವಿನೋದಗಳು. ಸಾಧಾರಣ ಜನರಿಗೆ ವಿದ್ಯುತ್ತು ದೊರೆಯುವಂತಾದದ್ದು ತಂತಿಯ ಜಾಲದಿಂದ ಎಂಬುದನ್ನು ಒಪ್ಪಲೇಬೇಕು. ಅದರ ಮರ್ಮವನ್ನು ಚೆನ್ನಾಗಿ ಅರಿತವನು ಎಡಿಸನ್ನನಿಗೆ ಕಾರ್ಯದರ್ಶಿಯಾಗಿದ್ದು, 1892ರಲ್ಲಿ ಷಿಕಾಗೋ ನಗರಕ್ಕೆ ಹೋಗಿ ಅಲ್ಲಿಯ ವಿದ್ಯುತ್ ವ್ಯಾಪಾರದ ಚಕ್ರವರ್ತಿಯಾದ ಸ್ಯಾಮ್ಯುಯೆಲ್ ಇನ್ಸಲ್. ಎಲ್ಲರೂ ಒಂದೇ ಗಳಿಗೆಯಲ್ಲಿ ಎಲ್ಲ ದೀಪಗಳನ್ನೂ ಹಚ್ಚುವುದಿಲ್ಲವೆಂಬುದೇ ಆ ಮರ್ಮ. ಷಿಕಾಗೋದ ಬಾಡಿಗೆಮನೆಗಳ ಒಂದು ಸಮೂಹವನ್ನು ಆತನು ಉದಾಹರಣೆಯಾಗಿ ತೋರಿಸುತ್ತಿದ್ದನು. ಅಲ್ಲಿ ಸುಮಾರು 190 ಗ್ರಾಹಕರಿದ್ದರು. ಒಬ್ಬೊಬ್ಬರ ಗರಿಷ್ಠ ಬೇಡಿಕೆಯನ್ನು ಬೇರೆಬೇರೆಯಾಗಿ ಅಳೆದು ಕೂಡಿಸಿದರೆ ಸುಮಾರು 68 ಕಿಲೋವ್ಯಾಟ್ ಆಗುತ್ತಿತ್ತು. ಅವರೆಲ್ಲರೂ ಸೇರಿ ವಾಸ್ತವವಾಗಿ ಏಕಕಾಲದಲ್ಲಿ ಬಳಸಿದ ಗರಿಷ್ಠ ಪ್ರಮಾಣ ಸುಮಾರು 20 ಕಿಲೋವ್ಯಾಟ್ ಮಾತ್ರ. ಪ್ರತಿಯೊಂದು ಮನೆಯೂ ತನ್ನ ತನ್ನ ಯಂತ್ರವನ್ನು ಇಟ್ಟುಕೊಂಡರೆ ಒಟ್ಟು 68 ಕಿಲೋವ್ಯಾಟಿನ ಯಂತ್ರಗಳು ಬೇಕು. ಒಂದು ತಂತಿಯಲ್ಲಿ ಎಲ್ಲರೂ ಪಾಲುಗೊಂಡರೆ ಅದರ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ ಸಾಕು. ಮನೆಯ ವಿದ್ಯುತ್ತಿನ ಪರವಾಗಿ ಮಾತನಾಡುವ ಯಾರೂ ಈ ಲೆಕ್ಕವನ್ನು ಮರೆಯುವಂತಿಲ್ಲ.

ಆದರೆ ಈ ಲೆಕ್ಕ ನಿಲ್ಲುವುದು ಮನೆಗಳು ಒತ್ತೊತ್ತಾಗಿರುವ ಕಡೆ. ಮಿಸ್ಸಿಸ್ಸಿಪ್ಪಿ ನದಿಯಿಂದ ಪಶ್ಚಿಮಕ್ಕೆ ಹೋದಂತೆ ಜನವಸತಿ ವಿರಳವಾಗುತ್ತದೆ. ಡಕೋಟಾ, ಮೊಂಟಾನಾ ಸೀಮೆಗಳಲ್ಲಿ ಒಬ್ಬ ರೈತನ ಮನೆಯಿಂದ ಇನ್ನೊಬ್ಬನ ಮನೆಗೆ ಮೈಲಿಗಟ್ಟಲೆ ಅಂತರ. ಆ ಕಾಲದ ಖಾಸಗಿ ಕಂಪೆನಿಗಳ ಲೆಕ್ಕದಂತೆ ಹಳ್ಳಿಗಾಡಿನಲ್ಲಿ ಒಂದು ಮೈಲಿ ತಂತಿ ಎಳೆಯಲು 1500ರಿಂದ 2000 ಡಾಲರುಗಳಾಗುತ್ತಿತ್ತು. ಅದನ್ನು ರೈತನು ಕೊಟ್ಟರೆ ತಂತಿ, ಇಲ್ಲವಾದರೆ ಇಲ್ಲ. 1935ರಲ್ಲಿ ದೇಶದ ಹೊಲಮನೆಗಳಲ್ಲಿ ಕೇಂದ್ರದ ವಿದ್ಯುತ್ತು ತಲುಪಿದ್ದುದು ನೂರಕ್ಕೆ ಸುಮಾರು ಹನ್ನೊಂದಕ್ಕೆ ಮಾತ್ರ. ಪಟ್ಟಣದ ಹೆಂಗಸು ವಿದ್ಯುತ್ ಇಸ್ತ್ರಿಯನ್ನು ಬಳಸುತ್ತಿದ್ದಾಗ ಹೊಲಮನೆಯ ಹೆಂಗಸು ಒಲೆಯ ಮೇಲೆ ಕಬ್ಬಿಣ ಕಾಯಿಸಿಕೊಂಡು, ಬಾವಿಯಿಂದ ನೀರು ಹೊತ್ತು, ಸೀಮೆಎಣ್ಣೆಯ ದೀಪದ ಬುರುಡೆಯ ಮಸಿ ಒರೆಸುತ್ತಿದ್ದಳು.

ಹೊಲಮನೆಗೆ ವಿದ್ಯುತ್ತಿನ ಆಸೆಯನ್ನು ಹಿಡಿಸಿದ್ದು ದೀಪಕ್ಕಿಂತ ಹೆಚ್ಚಾಗಿ ರೇಡಿಯೋ ಎಂದು ಈ ಲೇಖಕನ ಅಭಿಪ್ರಾಯ. 1920ರ ಅನಂತರ ಬಾನುಲಿ ಕೇಂದ್ರಗಳು ವೇಗವಾಗಿ ಹಬ್ಬಿದುವು. ಧಾನ್ಯದ ಪೇಟೆಧಾರಣೆ, ಹವೆಯ ಮುನ್ಸೂಚನೆ, ಸಂಗೀತ ಇವೆಲ್ಲವೂ ಒಂಟಿಮನೆಯ ರೈತನಿಗೆ ಅಮೂಲ್ಯವಾದುವು. ರೇಡಿಯೋ ಬ್ಯಾಟರಿಯಿಂದ ನಡೆಯುತ್ತಿತ್ತು. ಬ್ಯಾಟರಿ ಬರಿದಾದರೆ ಅದನ್ನು ಗಾಡಿಯಲ್ಲಿ ಹೇರಿಕೊಂಡು ಪಟ್ಟಣಕ್ಕೆ ಒಯ್ದು, ಕಾಸು ಕೊಟ್ಟು, ತುಂಬಿಸಿಕೊಂಡು ಬರಬೇಕು. ಈ ತೊಂದರೆಗೆ ಎರಡು ಬಗೆಯ ಪರಿಹಾರಗಳು ದೊರೆತುವು.

ಮೊದಲನೆಯದು ಎಣ್ಣೆಯ ಯಂತ್ರ. ಮೋಟಾರುಗಾಡಿಗೆ ವಿದ್ಯುತ್ ಚಾಲನೆಯನ್ನು ಅಳವಡಿಸಿ ಹೆಸರಾದ ಚಾರ್ಲ್ಸ್ ಕೆಟರಿಂಗನು 1916ರಲ್ಲಿ ಓಹಾಯೋ ಸಂಸ್ಥಾನದ ಡೇಟನ್ ನಗರದಲ್ಲಿ ಡೆಲ್ಕೋ-ಲೈಟ್ ಎಂಬ ಯಂತ್ರವನ್ನು ತಯಾರಿಸತೊಡಗಿದನು. ಒಂದು ಸಣ್ಣ ಇಂಜಿನ್, ಅದಕ್ಕೆ ಜೋಡಿಸಿದ ಡೈನಮೋ, ಪಕ್ಕದಲ್ಲಿ ಗಾಜಿನ ಜಾಡಿಗಳಲ್ಲಿ ಸೀಸ ಮತ್ತು ಆಮ್ಲದ 16 ಕೋಶಗಳು. ಕೋಶವೊಂದಕ್ಕೆ 2 ವೋಲ್ಟ್. ಹದಿನಾರು ಸೇರಿ 32 ವೋಲ್ಟ್. ಈ 32 ಎಂಬ ಸಂಖ್ಯೆ ಮುಂದೆ ಹೊಲಮನೆಯ ವಿದ್ಯುತ್ತಿಗೆ ಗೊತ್ತಾದ ಅಳತೆಯಾಯಿತು; 32 ವೋಲ್ಟಿನ ದೀಪ, ಇಸ್ತ್ರಿ, ಬಟ್ಟೆ ಒಗೆಯುವ ಯಂತ್ರ ಎಲ್ಲವೂ ಅಂಗಡಿಯಲ್ಲಿ ದೊರೆಯುತ್ತಿದ್ದುವು. ಎಣ್ಣೆಯ ಖರ್ಚು ಮಾತ್ರ ತಪ್ಪಲಿಲ್ಲ.

ಎರಡನೆಯದು ಗಾಳಿ. ಬಾವಿಯಿಂದ ನೀರೆತ್ತುವ ಬಹುದಳಗಳ ಗಾಳಿಯಂತ್ರಗಳು ಆ ಬಯಲಿನಲ್ಲಿ ಮೊದಲೇ ಸಾವಿರಾರು ಇದ್ದುವು. ಮೊಂಟಾನಾದ ಪೂರ್ವಭಾಗದಲ್ಲಿ ದನಕರುಗಳನ್ನು ಸಾಕಿಕೊಂಡಿದ್ದ ಕುಟುಂಬವೊಂದರ ಮಕ್ಕಳಾದ ಮಾರ್ಸೆಲಸ್ ಮತ್ತು ಜೋ ಜೇಕಬ್ಸ್ ಎಂಬ ಸೋದರರು 1920ರ ದಶಕದಲ್ಲಿ ಇಂಥ ಯಂತ್ರಕ್ಕೆ ಡೈನಮೋ ಕಟ್ಟಿ ನೋಡಿದರು. ಅದು ಬಲವಾಗಿ, ಆದರೆ ನಿಧಾನವಾಗಿ ತಿರುಗುವುದು. ನೀರೆತ್ತಲು ಬಲವೇ ಬೇಕು; ಡೈನಮೋವಿಗೆ ಬೇಕಾದದ್ದು ವೇಗ. ವಿಮಾನ ನಡೆಸುವುದನ್ನು ಕಲಿತಿದ್ದ ಮಾರ್ಸೆಲಸನು ಆಗ ವಿಮಾನದ ಮುಂಚಕ್ರದ ರೂಪವನ್ನು ಹಿಡಿದನು. ಮೊದಲು ಎರಡು ಅಲಗುಗಳನ್ನು ಇಟ್ಟಾಗ ಒಂದು ತೊಂದರೆ ಕಂಡಿತು. ಗಾಳಿಯ ದಿಕ್ಕು ಬದಲಾಗಿ ಯಂತ್ರವು ಗೋಪುರದ ಮೇಲೆ ಹೊರಳುವಾಗ, ಅಲಗುಗಳು ಲಂಬವಾಗಿ ನಿಂತ ಕ್ಷಣದಲ್ಲಿ ಅದು ಸುಲಭವಾಗಿ ಹೊರಳುತ್ತದೆ. ಅಡ್ಡವಾಗಿ ಬಂದ ಕ್ಷಣದಲ್ಲಿ ತಡೆಯುತ್ತದೆ. ಹೀಗೆ ಒಂದು ಸುತ್ತಿಗೆ ಎರಡು ಸಲ ಜಗ್ಗಾಟವಾಗಿ ಎಲ್ಲ ಸಡಿಲವಾಗುವುದು. ಮೂರು ಅಲಗುಗಳಾದರೆ ಈ ಜಗ್ಗಾಟ ಇಲ್ಲ. ಇಂದು ಕರ್ಣಾಟಕದ ಗುಡ್ಡಗಳ ಮೇಲೆ ತಿರುಗುತ್ತಿರುವ ಮಹಾಯಂತ್ರಗಳಿಗೂ ಮೂರೇ ಅಲಗುಗಳು ಇರುವುದನ್ನು ಎಲ್ಲರೂ ಕಂಡಿರಬಹುದು.

ಬಿರುಗಾಳಿ ಬಂದಾಗ ಅಲಗುಗಳು ತಾವಾಗಿಯೇ ಓರೆಯಾಗಿ ವೇಗವನ್ನು ಮಿತಿಯಲ್ಲಿಡುವ ಉಪಾಯವನ್ನೂ ಸೋದರರು ಸೇರಿಸಿದರು. ಅನಂತರ ಅವರು ಮಿನಿಯಾಪೊಲಿಸ್ ನಗರಕ್ಕೆ ಬಂದು ಕಾರ್ಖಾನೆಯನ್ನು ನಡೆಸಿದರು. ಅವರ ಯಂತ್ರಗಳ ಶಕ್ತಿ ಸಾಮಾನ್ಯವಾಗಿ ಎರಡು ಮೂರು ಕಿಲೋವ್ಯಾಟಿನ ಆಸುಪಾಸು. ಗೋಪುರವೂ ಬ್ಯಾಟರಿಯೂ ಸೇರಿ ಬೆಲೆ ಸುಮಾರು ಸಾವಿರ ಡಾಲರು. ಒಟ್ಟು ಸುಮಾರು 30,000 ಯಂತ್ರಗಳು ಮಾರಾಟವಾದುವೆಂದು ಹೇಳಲಾಗಿದೆ. ಅಡ್ಮಿರಲ್ ಬರ್ಡನ ದಕ್ಷಿಣಧ್ರುವ ಯಾತ್ರೆಯವರು 1933ರಲ್ಲಿ ಒಂದನ್ನು ಲಿಟಲ್ ಅಮೆರಿಕಾ ಎಂಬ ತಮ್ಮ ಬಿಡಾರಕ್ಕೆ ಒಯ್ದರು. ಗೋಪುರದ ಬಹುಭಾಗ ಹಿಮದಲ್ಲಿ ಹೂತುಹೋಗಿದ್ದರೂ 1955ರಲ್ಲಿ ಅದು ಇನ್ನೂ ತಿರುಗುತ್ತಿತ್ತೆಂದು ಆ ಯಾತ್ರಿಕನ ಮಗನು ಜೇಕಬ್ಸನಿಗೆ ಪತ್ರ ಬರೆದು ತಿಳಿಸಿದನಂತೆ. ಯಂತ್ರ ಕೆಟ್ಟದ್ದಾಗಿದ್ದುದರಿಂದ ಅದು ಅಳಿಯಿತೆಂಬ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಬಡವರಿಗೆ ಇನ್ನೊಂದಿತ್ತು. ಅಯೋವಾದ ಸೂ ಸಿಟಿಯಲ್ಲಿ ತಯಾರಾಗುತ್ತಿದ್ದ ವಿಂಚಾರ್ಜರ್ ಎಂಬ ಚಿಕ್ಕ ಯಂತ್ರವು 6 ವೋಲ್ಟಿನ ರೇಡಿಯೋ ಬ್ಯಾಟರಿಯನ್ನು ತುಂಬಲು ಮಾತ್ರ ಸಾಕಾಗುತ್ತಿತ್ತು. 1935ರ ಸುಮಾರಿಗೆ ಜೆನಿತ್ ರೇಡಿಯೋ ಕಂಪೆನಿಯವರು ತಮ್ಮ ರೇಡಿಯೋ ಕೊಂಡವರಿಗೆ ಅದನ್ನು ಹತ್ತು ಡಾಲರಿನಷ್ಟು ಅಗ್ಗಕ್ಕೆ ಕೊಡತೊಡಗಿದರು. ವರ್ಷಕ್ಕೆ ಅರ್ಧ ಡಾಲರು ಖರ್ಚೆಂದು ಜಾಹೀರಾತು ಸಾರಿತು. ಬರಗಾಲ, ಧೂಳಿನ ಬಿರುಗಾಳಿ, ಬ್ಯಾಂಕುಗಳ ಕುಸಿತ ಇವುಗಳ ನಡುವೆಯೂ ಹೊಲಮನೆಯ ಛಾವಣಿಗಳ ಮೇಲೆ ಈ ಪುಟ್ಟ ಚಕ್ರಗಳು ಲಕ್ಷಗಟ್ಟಲೆ ತಿರುಗಿದುವು.

ಇಂಥ ಸಮಯದಲ್ಲಿ ಸರ್ಕಾರವು ರಂಗಕ್ಕೆ ಬಂದಿತು. ಅಧ್ಯಕ್ಷ ರೂಸ್‌ವೆಲ್ಟನು 1935ರ ಮೇ 11ರಂದು ಗ್ರಾಮೀಣ ವಿದ್ಯುದೀಕರಣದ ಆಡಳಿತಸಂಸ್ಥೆಯೊಂದನ್ನು ಸ್ಥಾಪಿಸಿದನು. ಮರುವರ್ಷ ಮೇ 20ರಂದು ಅದಕ್ಕೆ ಶಾಸನದ ಆಧಾರ ದೊರೆಯಿತು. ಖಾಸಗಿ ಕಂಪೆನಿಗಳು ಮುಂದೆ ಬಾರದಿರಲು ರೈತರೇ ಸಹಕಾರ ಸಂಘಗಳನ್ನು ಕಟ್ಟಿಕೊಂಡು, ಐದು ಡಾಲರು ಪಾಲುಹಣ ಕೊಟ್ಟು, ಸರ್ಕಾರದಿಂದ ಸಾಲ ಪಡೆದು, ತಂತಿ ಎಳೆಸಿದರು. ಒಂದೇ ಬಗೆಯ ಕಂಬ, ಉದ್ದನೆಯ ಅಂತರ, ಸರಳವಾದ ಜೋಡಣೆ ಇವುಗಳಿಂದ ಮೈಲಿಯ ವೆಚ್ಚವು ಸಾವಿರ ಡಾಲರಿಗಿಂತ ಕೆಳಗೆ ಇಳಿಯಿತು. ಸಂಘ ಕಟ್ಟುವ ಸುದ್ದಿ ಹಬ್ಬಿದೊಡನೆ ಅದುವರೆಗೆ ಸುಮ್ಮನಿದ್ದ ಕಂಪೆನಿಗಳು ರಾತ್ರೋರಾತ್ರಿ ಕಂಬ ನೆಟ್ಟು, ಅನುಕೂಲಸ್ಥ ರೈತರನ್ನು ಮಾತ್ರ ಆರಿಸಿಕೊಂಡು, ಸಂಘದ ಬೆನ್ನು ಮುರಿಯಲು ಯತ್ನಿಸಿದ್ದೂ ಉಂಟು; ಇವುಗಳಿಗೆ ಜನರು ಹಗೆಯ ತಂತಿಗಳೆಂದೇ ಹೆಸರಿಟ್ಟರು. ಆದಕಾರಣ ಸ್ವತಂತ್ರನಾದ ರೈತನನ್ನು ದೊಡ್ಡ ಬಂಡವಾಳವು ತಂತಿಯಿಂದ ಕಟ್ಟಿಹಾಕಿತೆಂದು ಹೇಳುವವರ ಮಾತು ಇಲ್ಲಿ ಅಷ್ಟಾಗಿ ಹೊಂದುವುದಿಲ್ಲ. ಬಂದ ತಂತಿ ರೈತರದೇ ಆಗಿತ್ತು.

ಆದರೆ ಶಾಸನದ ಮಾತುಗಳನ್ನು ಎಚ್ಚರದಿಂದ ಓದಬೇಕು. ಸಾಲವು ದೊರೆಯುತ್ತಿದ್ದುದು ಕೇಂದ್ರ ಉತ್ಪಾದನಾಸ್ಥಾನದ ಸೇವೆಯನ್ನು ಪಡೆಯದಿರುವ ಗ್ರಾಮಾಂತರದ ಜನರಿಗೆ ವಿದ್ಯುತ್ತನ್ನು ಒದಗಿಸುವುದಕ್ಕೆ. ಅಂದರೆ ಜೇಕಬ್ಸ್ ಯಂತ್ರದಿಂದ ಹತ್ತು ವರ್ಷ ದೀಪ ಉರಿಸಿದ ಮನೆಯೂ ಶಾಸನದ ದೃಷ್ಟಿಯಲ್ಲಿ ಸೇವೆಯಿಲ್ಲದ ಮನೆಯೇ. ಪದವೊಂದರ ಅರ್ಥನಿರ್ಣಯದಿಂದ ಹತ್ತಾರು ಸಾವಿರ ಮನೆಗಳ ಬೆಳಕು ಲೆಕ್ಕದಿಂದ ಹೊರಗುಳಿಯಿತು. 1935ರಲ್ಲಿ ನೂರಕ್ಕೆ ಹನ್ನೊಂದು ಎಂದು ಮೇಲೆ ಕೊಟ್ಟ ಅಂಕಿಯೂ ಇದೇ ಬಗೆಯದು; ಉಳಿದ ಎಂಬತ್ತೊಂಬತ್ತರಲ್ಲಿ ಎಲ್ಲರೂ ಕತ್ತಲಲ್ಲಿದ್ದರೆಂದು ಅದನ್ನು ಓದುವುದು ತಪ್ಪು. ಅನೇಕ ಗ್ರಂಥಗಳು ಹಾಗೆಯೇ ಓದಿವೆ.

ಸಾಲದ ನಿಯಮಗಳೇ ಈ ಪಂದ್ಯದ ಹೃದಯವೆಂದು ತೋರುತ್ತದೆ. 1936ರ ಶಾಸನದಂತೆ ತೀರಿಸುವ ಅವಧಿ 25 ವರ್ಷ. 1944ರ ತಿದ್ದುಪಡಿಯಿಂದ ಬಡ್ಡಿ ನೂರಕ್ಕೆ 2, ಅವಧಿ 35 ವರ್ಷ. ಮನೆಯೊಳಗೆ ತಂತಿ ಹಾಕಿಸಲು, ವಿದ್ಯುತ್ ಉಪಕರಣ ಕೊಳ್ಳಲು ಕೂಡ ಸಾಲ ದೊರೆಯಿತು. ಗಾಳಿಯಂತ್ರಕ್ಕೆ ಇಂಥ ಅನುಕೂಲವಿರಲಿಲ್ಲ. ಸಾವಿರ ಡಾಲರನ್ನು ರೈತನು ತನ್ನ ಗಂಟಿನಿಂದ ಬಿಚ್ಚಬೇಕು, ಅಥವಾ ವರ್ತಕನ ಕಂತಿಗೆ ಒಪ್ಪಬೇಕು. ಮೈಲಿಗೆ ಮೂರು ಮನೆಗಳಿರುವ ಕಡೆ ಸಾವಿರ ಡಾಲರಿನ ತಂತಿಯಲ್ಲಿ ಮನೆಯೊಂದರ ಪಾಲು ಸುಮಾರು 330 ಡಾಲರು. ಉತ್ಪಾದನೆಯ ವೆಚ್ಚವನ್ನು ಸೇರಿಸಿದರೂ ಅಲ್ಲಿ ತಂತಿಯದೇ ಮೇಲುಗೈ, ಇದರಲ್ಲಿ ಸಂದೇಹವಿಲ್ಲ. ಮೈಲಿಗೆ ಒಂದು ಮನೆಯೂ ಇಲ್ಲದ ಮೊಂಟಾನಾದಲ್ಲಿ ತಂತಿಯ ವೆಚ್ಚವೇ ಯಂತ್ರದ ಬೆಲೆಯನ್ನು ಮುಟ್ಟುತ್ತದೆ ಅಥವಾ ಮೀರುತ್ತದೆ. ಅಲ್ಲಿಯೂ ತಂತಿ ಗೆದ್ದಿತು. ನೂರಕ್ಕೆ ಎರಡರ ಬಡ್ಡಿಯಲ್ಲಿ ಮೂವತ್ತೈದು ವರ್ಷದ ಸಾಲವು ಗಾಳಿಯಂತ್ರಕ್ಕೂ ದೊರೆತಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಇತಿಹಾಸಕಾರನ ಕೆಲಸವಲ್ಲ. ಆದರೆ ಇಬ್ಬರೂ ಸಮನಾದ ನೆಲದ ಮೇಲೆ ಓಡಲಿಲ್ಲವೆಂಬುದನ್ನು ಬರೆದಿಡುವುದು ಅವನ ಕೆಲಸ.

ಇಷ್ಟು ಹೇಳಿದ ಮೇಲೆ ಮನೆಯ ವಿದ್ಯುತ್ತಿನ ಸ್ವಂತ ದೌರ್ಬಲ್ಯಗಳನ್ನು ಮುಚ್ಚಿಡಬಾರದು. ಮೊದಲನೆಯದು 32 ವೋಲ್ಟು. ಸಾವಿರ ವ್ಯಾಟಿನ ಉಪಕರಣವೊಂದು 120 ವೋಲ್ಟಿನ ತಂತಿಯಲ್ಲಿ ಸುಮಾರು 8 ಆಂಪಿಯರ್ ಪ್ರವಾಹವನ್ನು ಎಳೆದರೆ, 32 ವೋಲ್ಟಿನಲ್ಲಿ 31 ಆಂಪಿಯರ್ ಎಳೆಯುತ್ತದೆ. ಇಷ್ಟು ಪ್ರವಾಹಕ್ಕೆ ದಪ್ಪನಾದ ತಾಮ್ರದ ತಂತಿ ಬೇಕು. ಇಲ್ಲವಾದರೆ ಶಕ್ತಿಯೆಲ್ಲ ತಂತಿಯಲ್ಲಿಯೇ ಶಾಖವಾಗಿ ಹೋಗುತ್ತದೆ. ಆದಕಾರಣ ಮನೆಗೂ ಪಕ್ಕದ ಕೊಟ್ಟಿಗೆಗೂ ಅದು ಸಾಕಾಗುತ್ತಿತ್ತೇ ಹೊರತು ದೂರಕ್ಕೆ ಸಲ್ಲುತ್ತಿರಲಿಲ್ಲ. ಮೇಲಾಗಿ, ತಂತಿಯ ಮನೆಗಳು ಹೆಚ್ಚಿದಂತೆ ಕಾರ್ಖಾನೆಗಳು ಅವರಿಗೆಂದೇ ಉಪಕರಣಗಳನ್ನು ರಾಶಿರಾಶಿಯಾಗಿ, ಅಗ್ಗವಾಗಿ ಮಾಡಿದುವು. 32 ವೋಲ್ಟಿನವು ದುಬಾರಿಯಾಗಿ ಉಳಿದುವು.

ಎರಡನೆಯದು ಬ್ಯಾಟರಿ. ಗಾಳಿಗೆ ಬೆಲೆಯಿಲ್ಲ, ಬ್ಯಾಟರಿಗೆ ಇದೆ. ಜಾಡಿಗಳಿಗೆ ಬಟ್ಟಿಯಿಳಿಸಿದ ನೀರು ಹೊಯ್ಯಬೇಕು, ಆಮ್ಲದ ಸಾಂದ್ರತೆ ಅಳೆಯಬೇಕು, ಪೂರ್ತಿ ಬರಿದಾಗಲು ಬಿಡಬಾರದು. ಇಸ್ತ್ರಿಯನ್ನೂ ಬಟ್ಟೆ ಒಗೆಯುವುದನ್ನೂ ಗಾಳಿ ಚೆನ್ನಾಗಿ ಬೀಸುವ ದಿನಕ್ಕೆ ಇಟ್ಟುಕೊಳ್ಳುವುದು ವಿವೇಕ. ಎಷ್ಟು ಎಚ್ಚರದಿಂದ ನೋಡಿಕೊಂಡರೂ ಕೆಲವು ವರ್ಷಗಳಲ್ಲಿ ಅದನ್ನು ಬದಲಾಯಿಸಲೇಬೇಕು. ಆಗ ನೂರಾರು ಡಾಲರಿನ ಖರ್ಚು ಒಂದೇ ಸಲ ಎದುರಿಗೆ ನಿಲ್ಲುತ್ತದೆ. ಹೆಚ್ಚು ಮನೆಗಳು ಯಂತ್ರವನ್ನು ಕೈಬಿಟ್ಟು ತಂತಿಯನ್ನು ಒಪ್ಪಿಕೊಂಡದ್ದು ಇಂಥ ಗಳಿಗೆಯಲ್ಲಿಯೇ ಇರಬೇಕೆಂದು ತೋರುತ್ತದೆ. ಮೂರನೆಯದಾಗಿ ಅಪೇಕ್ಷೆಗಳು ಬೆಳೆದುವು. ದೀಪ ಮತ್ತು ರೇಡಿಯೋ ಇದ್ದ ಮನೆಗೆ ಶೀತಪೆಟ್ಟಿಗೆ ಬೇಕೆನಿಸಿತು, ನೀರು ಕಾಯಿಸುವ ಕೊಳಗ ಬೇಕೆನಿಸಿತು, ಹಾಲು ಕರೆಯುವ ಯಂತ್ರ ಬೇಕೆನಿಸಿತು. 1938ರಿಂದ ಮುಂದೆ ಸರ್ಕಾರದ ಸಂಸ್ಥೆಯೇ ದೊಡ್ಡ ಡೇರೆ ಹೊಡೆದು ಊರಿಂದೂರಿಗೆ ಉಪಕರಣಗಳ ಪ್ರದರ್ಶನವನ್ನು ಒಯ್ಯಿತು. ಜನರು ಅದನ್ನು ವಿದ್ಯುತ್ ಸರ್ಕಸ್ ಎಂದು ಕರೆದರು. ಸಂಘಗಳ ಸಾಲ ತೀರಬೇಕಾದರೆ ಸದಸ್ಯರು ಹೆಚ್ಚು ವಿದ್ಯುತ್ತನ್ನು ಬಳಸಲೇಬೇಕಾಗಿತ್ತು. ಮಿತವ್ಯಯವು ಗಾಳಿಯಂತ್ರದ ಮನೆಯಲ್ಲಿ ಗುಣ, ತಂತಿಯ ಸಂಘದಲ್ಲಿ ನಷ್ಟ. ಈ ವೈಪರೀತ್ಯವನ್ನು ವಿದ್ವಾಂಸರು ಸಾಕಷ್ಟು ಗಮನಿಸಿದಂತೆ ಕಾಣುವುದಿಲ್ಲ.

1950ರ ದಶಕದ ನಡುವೆ ಹೊಲಮನೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವಕ್ಕೆ ತಂತಿ ತಲುಪಿತು. ಆ ದಶಕದ ಉತ್ತರಾರ್ಧದಲ್ಲಿ ಜೇಕಬ್ಸ್ ಕಾರ್ಖಾನೆಯಲ್ಲಿ ಯಂತ್ರಗಳ ತಯಾರಿಕೆ ನಿಂತಿತು. ಗೋಪುರಗಳು ಮಾತ್ರ ಬಹುಕಾಲ ಹಾಗೆಯೇ ನಿಂತಿದ್ದುವು.

1973ರಲ್ಲಿ ಎಣ್ಣೆಯ ಬೆಲೆ ಏರಿದಾಗ ಯುವಕರು ಮೊಂಟಾನಾ, ಡಕೋಟಾಗಳ ಹೊಲಗಳಲ್ಲಿ ಹುಡುಕಿ, ಹಳೆಯ ಜೇಕಬ್ಸ್ ಯಂತ್ರಗಳನ್ನು ಇಳಿಸಿ, ದುರಸ್ತು ಮಾಡಿ ಮತ್ತೆ ನಿಲ್ಲಿಸತೊಡಗಿದರು. 1978ರ ಒಂದು ಶಾಸನವು ಸಣ್ಣ ಉತ್ಪಾದಕರ ವಿದ್ಯುತ್ತನ್ನು ಕಂಪೆನಿಗಳು ಕೊಳ್ಳಬೇಕೆಂದು ವಿಧಿಸಿತು. 1983ರಲ್ಲಿ ಮಿನ್ನೆಸೋಟಾ ಸಂಸ್ಥಾನವು ಮನೆಯವರು ತಂತಿಗೆ ಕೊಟ್ಟದ್ದನ್ನು ತೆಗೆದುಕೊಂಡದ್ದರಿಂದ ಕಳೆದು, ಉಳಿಕೆಗೆ ಮಾತ್ರ ಲೆಕ್ಕ ಮಾಡುವ ಪದ್ಧತಿಯನ್ನು ಶಾಸನವಾಗಿ ತಂದಿತು. ವೃದ್ಧನಾದ ಮಾರ್ಸೆಲಸ್ ಜೇಕಬ್ಸನೂ ಈ ಕಾಲದಲ್ಲಿ ಮತ್ತೆ ವ್ಯಾಪಾರಕ್ಕೆ ಇಳಿದನು. ಆದರೆ ಅವನ ಹೊಸ ಯಂತ್ರ ಬ್ಯಾಟರಿಯನ್ನು ತುಂಬಲು ಆದದ್ದಲ್ಲ. ಅದನ್ನು ತಂತಿಯ ಜಾಲಕ್ಕೆ ಜೋಡಿಸುವಂತೆ ರಚಿಸಲಾಗಿತ್ತು. ತಂತಿಯೇ ಅದರ ಬ್ಯಾಟರಿ.

ನಮ್ಮ ದೇಶದಲ್ಲಿ ಈಗ ನಡೆಯುತ್ತಿರುವ ಮಾಳಿಗೆಯ ಸೌರವಿದ್ಯುತ್ತಿನ ಕಾರ್ಯವೂ ಬಹುಮಟ್ಟಿಗೆ ಈ ಎರಡನೆಯ ಬಗೆಯದು. ಭಾರತ ಸರ್ಕಾರವು 2024ರ ಫೆಬ್ರವರಿಯಲ್ಲಿ ಪ್ರಾರಂಭಿಸಿದ ಸೂರ್ಯಘರ್ ಯೋಜನೆಯಲ್ಲಿ 75,021 ಕೋಟಿ ರೂಪಾಯಿಗಳ ವೆಚ್ಚದಲ್ಲಿ ಒಂದು ಕೋಟಿ ಮನೆಗಳ ಮೇಲೆ ಫಲಕಗಳನ್ನು ಹಾಕಿಸುವ ಗುರಿಯಿದೆ. 3 ಕಿಲೋವ್ಯಾಟ್ ಅಥವಾ ಅದಕ್ಕೆ ಮೇಲ್ಪಟ್ಟ ಜೋಡಣೆಗೆ ಕೇಂದ್ರ ಸಹಾಯಧನ 78,000 ರೂಪಾಯಿ. 1936ರಲ್ಲಿ ತಂತಿಗೆ ದೊರೆತ ಸರ್ಕಾರದ ಆಶ್ರಯ ಈಗ ಮನೆಗೆ ದೊರೆಯಿತೆಂದು ಹೇಳಬಹುದು. ಆದರೆ ಬ್ಯಾಟರಿಯಿಲ್ಲದ ಸಾಧಾರಣ ಜೋಡಣೆಯಲ್ಲಿ ಊರಿನ ಕರೆಂಟು ಹೋದೊಡನೆ ಮಾಳಿಗೆಯ ಉತ್ಪಾದನೆಯೂ ನಿಲ್ಲುತ್ತದೆ. ನಡುಹಗಲು, ಸುಡುಬಿಸಿಲು, ತಲೆಯ ಮೇಲೆ ಫಲಕಗಳು, ಕೆಳಗೆ ಫ್ಯಾನು ತಿರುಗದು. ಇದು ದೋಷವಲ್ಲ, ಕಂಬ ಹತ್ತಿ ತಂತಿ ಕಟ್ಟುವ ಲೈನ್‌ಮನ್ನನಿಗೆ ಮನೆಗಳಿಂದ ಹಿಂದಕ್ಕೆ ಹರಿದ ವಿದ್ಯುತ್ತು ತಗಲಬಾರದೆಂದು ಉದ್ದೇಶಪೂರ್ವಕವಾಗಿ ಮಾಡಿದ ಏರ್ಪಾಡು. ಆದರೆ ಇಂಥದನ್ನು ತಂತಿಗೆ ಪರ್ಯಾಯವೆಂದು ಕರೆಯುವುದು ಸರಿಯಾಗದು. ಜೇಕಬ್ಸ್ ಯಂತ್ರದ ರೈತನಿಗೆ ಪಕ್ಕದ ಪಟ್ಟಣದಲ್ಲಿ ದೀಪ ಆರಿದ್ದು ಗೊತ್ತೂ ಆಗುತ್ತಿರಲಿಲ್ಲ.

ಇನ್ನೊಂದು ಮಾತು. ಹಗಲು ವಿದ್ಯುತ್ತನ್ನು ತಂತಿಗೆ ಕೊಟ್ಟು ರಾತ್ರಿ ಅದನ್ನೇ ಹಿಂದಕ್ಕೆ ಪಡೆಯುವ ಮನೆಯು ಕಂಬ, ತಂತಿ, ಪರಿವರ್ತಕಗಳನ್ನು ಮೊದಲಿನಷ್ಟೇ ಬಳಸುತ್ತದೆ. ಬಿಲ್ಲು ಮಾತ್ರ ಇಳಿಯುತ್ತದೆ. ಇನ್ಸಲ್ಲನ ಷಿಕಾಗೋದಲ್ಲಿ ಎಲ್ಲರೂ ಪಾಲುಗೊಂಡದ್ದರಿಂದ ಎಲ್ಲರಿಗೂ ಅಗ್ಗವಾದ ವ್ಯವಸ್ಥೆಯಲ್ಲಿ, ಅನುಕೂಲಸ್ಥರು ತಮ್ಮ ಪಾಲನ್ನು ಕುಗ್ಗಿಸಿಕೊಂಡಷ್ಟೂ ಉಳಿದ ವೆಚ್ಚವು ಮಾಳಿಗೆಯೇ ಇಲ್ಲದ ಬಾಡಿಗೆದಾರರ ಮೇಲೆ, ಹೆಂಚಿನ ಮನೆಯವರ ಮೇಲೆ ಬೀಳುವ ಸಂಭವವಿದೆ. ದರ ಗೊತ್ತುಮಾಡುವ ಆಯೋಗಗಳ ಮುಂದಿರುವ ಕಠಿಣವಾದ ಪ್ರಶ್ನೆ ಇದು.

ಕರ್ಣಾಟಕದ ಇತಿಹಾಸವು ಅಮೆರಿಕಾದ ಬಯಲಿನದಕ್ಕಿಂತ ಭಿನ್ನವಾದದ್ದು. ಇಲ್ಲಿ ತಂತಿಯೇ ಮುಂಚೆ. 1902ರ ಜೂನ್ 30ರಂದು ಶಿವನಸಮುದ್ರದಿಂದ ಹೊರಟ ವಿದ್ಯುತ್ತು ಸುಮಾರು 92 ಮೈಲಿ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿತು. ಆ ತಂತಿ ಹಾದುಹೋದ ದಾರಿಯ ಹಳ್ಳಿಗಳವರು ತಮ್ಮ ಸರದಿಗೆ ಬಹುಕಾಲ ಕಾಯಬೇಕಾಯಿತು. ಮನೆಯ ವಿದ್ಯುತ್ತು ಗಣನೀಯವಾಗಿ ಬೆಳೆದದ್ದು ತಂತಿ ತೀರ ತಡವಾಗಿ ತಲುಪಿದ, ಮನೆಗಳು ಒಂದಕ್ಕೊಂದು ದೂರವಾಗಿರುವ ಮಲೆನಾಡಿನಲ್ಲಿ. ಉತ್ತರ ಕನ್ನಡ, ಚಿಕ್ಕಮಗಳೂರು, ಕೊಡಗು, ದಕ್ಷಿಣ ಕನ್ನಡದ ಘಟ್ಟದ ಬದಿಗಳಲ್ಲಿ ತೋಟದ ಮೇಲಣ ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ, ಸಣ್ಣ ಚಕ್ರಕ್ಕೆ ಹೊಡೆಸಿ, ಒಂದು ಕಿಲೋವ್ಯಾಟಿನ ಆಸುಪಾಸಿನ ವಿದ್ಯುತ್ತನ್ನು ಪಡೆಯುವ ಮನೆಗಳು ಕಾಣಸಿಗುತ್ತವೆ. ಇವಕ್ಕೆ ಬ್ಯಾಟರಿಯ ಕಾಟವಿಲ್ಲ, ನೀರು ಹಗಲಿರುಳೂ ಹರಿಯುತ್ತದೆ. ದೀಪಗಳು ಆರಿದ ಹೊತ್ತಿನಲ್ಲಿ ಮಿಕ್ಕ ಶಕ್ತಿಯನ್ನು ನೀರು ಕಾಯಿಸುವುದಕ್ಕೆ ತಿರುಗಿಸುವ ಉಪಾಯವೂ ಉಂಟು. ಮಳೆಗಾಲದಲ್ಲಿ ಮರಗಳು ತಂತಿಯ ಮೇಲೆ ಬಿದ್ದು ಊರಿಗೆ ಊರೇ ದಿನಗಟ್ಟಲೆ ಕತ್ತಲಲ್ಲಿರುವಾಗ ಹಳ್ಳ ತುಂಬಿರುತ್ತದೆ, ಚಕ್ರ ತಿರುಗುತ್ತದೆ. ಸಂಕ್ರಾಂತಿ ಕಳೆದು ಬೇಸಗೆ ಬಂದಂತೆ ಹಳ್ಳ ಸಣ್ಣದಾಗುತ್ತದೆ. ಶಿವರಾತ್ರಿಯ ಹೊತ್ತಿಗೆ ಹಲವು ಕಡೆ ಚಕ್ರ ನಿಲ್ಲುತ್ತದೆ. ಇಂದು ಈ ಮನೆಗಳಲ್ಲಿ ಬಹುಪಾಲಿಗೆ ತಂತಿಯೂ ಬಂದಿರುವುದರಿಂದ, ಮುಂದಿನ ಮುಂಗಾರಿನವರೆಗೆ ಅವರು ಅದನ್ನು ಬಳಸುತ್ತಾರೆ. ಜೂನ್ ತಿಂಗಳಲ್ಲಿ ಹಳ್ಳದ ಬಾಯಿಯ ಕಸ ತೆಗೆದು, ಪೈಪನ್ನು ಮತ್ತೆ ಕೂಡಿಸುತ್ತಾರೆ.